ಒಂದೇ ಮೈದಾನ, ನಾಲ್ಕು ಆಟ

ಓಣಿಯಲ್ಲಿ ಹುಡುಗರು ಕ್ರಿಕೆಟ್ ಆಡುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿದರೆ ಸಾಕು, ಯಾರು ಯಾತಕ್ಕೆ ಬಂದಿದ್ದಾರೆ ಎಂಬುದು ತಿಳಿದುಬಿಡುತ್ತದೆ. ಒಬ್ಬನಿಗೆ ಬ್ಯಾಟು ಕೈಗೆ ಸಿಕ್ಕರೆ ಸಾಕು, ಔಟಾದರೂ ಬಿಟ್ಟುಕೊಡಲಾರ. ಇನ್ನೊಬ್ಬನಿಗೆ ಗೆಲ್ಲಲೇಬೇಕು, ರನ್ನಿನ ಲೆಕ್ಕ ಅವನ ಬಾಯಲ್ಲೇ ಇರುತ್ತದೆ. ಮತ್ತೊಬ್ಬ ಕಂಪೌಂಡು ಗೋಡೆಯ ಮೇಲೆ ಕೂತು ಪಕ್ಕದವನ ಹೆಗಲ ಮೇಲೆ ಕೈ ಹಾಕಿ ಹರಟುತ್ತಿರುತ್ತಾನೆ, ಚೆಂಡು ತನ್ನ ಕಡೆ ಬಂದಾಗ ಮಾತ್ರ ಎದ್ದು ಓಡುತ್ತಾನೆ. ಕಳೆದುಹೋದ ಚೆಂಡನ್ನು ಹುಡುಕಲು ಪೊದೆಯೊಳಗೆ ಹೋದವನು ಅಲ್ಲೇನೋ ಹಕ್ಕಿಗೂಡು ಕಂಡು ಮರಳಿ ಬರುವುದನ್ನೇ ಮರೆಯುವುದೂ ಉಂಟು. ಇವರೆಲ್ಲರೂ ಮನೆಗೆ ಹೋಗಿ ಹೇಳುವುದು ಒಂದೇ ಮಾತು: "ಕ್ರಿಕೆಟ್ ಆಡಿ ಬಂದೆ." ಕೇಳಿಸಿಕೊಂಡ ತಾಯಂದಿರಿಗೆ ಮಾತ್ರ ತಮ್ಮ ಮಗ ಯಾವ ಬಗೆಯವನೆಂದು ಚೆನ್ನಾಗಿ ಗೊತ್ತಿರುತ್ತದೆ.

ಮೊಬೈಲಿನ ಆಟದಲ್ಲಿ ಈ ಅನುಕೂಲ ನಮಗಿಲ್ಲ. ಅಲ್ಲಿ ಹೊರಗಿನವರಿಗೆ ಕಾಣುವುದು ಬಗ್ಗಿದ ತಲೆ, ಓಡಾಡುವ ಎರಡು ಹೆಬ್ಬೆರಳು, ಕಿವಿಗೆ ಸಿಕ್ಕಿಸಿದ ವೈರು. ಎಲ್ಲ ಮನೆಯ ಎಲ್ಲ ಹುಡುಗರೂ ಒಂದೇ ಥರ ಕಾಣುತ್ತಾರೆ. ಆದ್ದರಿಂದಲೇ ನಾವು "ಗೇಮ್" ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಕಟ್ಟಿಬಿಡುತ್ತೇವೆ. ಗೇಮ್ ಒಳ್ಳೆಯದೋ ಕೆಟ್ಟದ್ದೋ ಎಂದು ಚರ್ಚಿಸುತ್ತೇವೆ. ಆದರೆ ಆ ಪರದೆಯೊಳಗೆ ಒಬ್ಬೊಬ್ಬರು ಹುಡುಕುತ್ತಿರುವುದು ಒಂದೊಂದು. ಇದನ್ನು ನಾನು ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಮನೆಯ ಜಗಲಿಯಲ್ಲಿ ಕೂತು ತಿಂಗಳುಗಟ್ಟಲೆ ಕಿವಿಯಾರೆ ಕೇಳಿದ್ದು. ಪುಸ್ತಕ ಆಮೇಲೆ ಬಂತು.

ಅದು 2020ರ ಲಾಕ್‌ಡೌನಿನ ಕಾಲ. ನಾನು ಶಿವಮೊಗ್ಗದಲ್ಲಿ ಪ್ರೌಢಶಾಲೆಯ ಗಣಿತ ಮೇಷ್ಟ್ರು. ಶಾಲೆ ಮುಚ್ಚಿತ್ತು. ನನ್ನ ಅಕ್ಕನ, ಅಂದರೆ ನಮ್ಮ ಆಪಾಳ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇದೆ. ಆಪಾಳಿಗೆ ಇಬ್ಬರು ಗಂಡು ಮಕ್ಕಳು. ದೊಡ್ಡವನು ಸೌದಿಯ ದಮ್ಮಾಮಿನಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಚಿಕ್ಕವನು ಆಗ ದ್ವಿತೀಯ ಪಿಯುಸಿ. ಮಾರ್ಚ್ 23ಕ್ಕೆ ಇರಬೇಕಿದ್ದ ಅವನ ಇಂಗ್ಲಿಷ್ ಪರೀಕ್ಷೆ ಮುಂದಕ್ಕೆ ಹೋಗಿ, ಕಡೆಗೆ ನಡೆದದ್ದು ಜೂನ್ 18ಕ್ಕೆ. ಪುಸ್ತಕ ಮುಚ್ಚುವಂತೆಯೂ ಇಲ್ಲ, ಓದಲು ಮನಸ್ಸೂ ಇಲ್ಲ ಎನ್ನುವ ಮೂರು ತಿಂಗಳು. ನನ್ನ ಮಗಳು ಡಿಗ್ರಿ ಮೊದಲ ವರ್ಷ. ಎದುರು ಮನೆಯಲ್ಲಿ ಪಾಲಿಟೆಕ್ನಿಕ್ ಓದುತ್ತಿದ್ದ ಹುಡುಗನೊಬ್ಬನಿದ್ದ. ಈ ನಾಲ್ವರು ಸೇರಿ ಒಂದು ತಂಡ. ರಾತ್ರಿ ಹನ್ನೊಂದಾದರೆ ಆಟ ಶುರು. ದಮ್ಮಾಮಿನಲ್ಲಿ ಆಗ ಎಂಟೂವರೆ.

ಆಟ ಪಬ್‌ಜಿ. ಗೊತ್ತಿಲ್ಲದವರಿಗಾಗಿ ಎರಡು ಮಾತು. ಸುಮಾರು ನೂರು ಜನರನ್ನು ಹೊತ್ತ ವಿಮಾನವೊಂದು ಒಂದು ದ್ವೀಪದ ಮೇಲೆ ಹಾರುತ್ತದೆ. ಆಟಗಾರರು ತಮಗೆ ಬೇಕಾದಲ್ಲಿ ಪ್ಯಾರಾಚೂಟ್ ಕಟ್ಟಿ ಇಳಿಯುತ್ತಾರೆ. ಖಾಲಿ ಮನೆಗಳಲ್ಲಿ ಹುಡುಕಾಡಿ ಬಂದೂಕು, ಔಷಧಿ ಸಂಪಾದಿಸುತ್ತಾರೆ. ಸುತ್ತಲಿಂದ ಒಂದು ವೃತ್ತ ಕಿರಿದಾಗುತ್ತಾ ಬರುತ್ತದೆ, ಅದರ ಹೊರಗೆ ಉಳಿದವರು ಸಾಯುತ್ತಾರೆ. ಸುಮಾರು ಅರ್ಧ ಗಂಟೆಯ ಕೊನೆಗೆ ಉಳಿದ ಒಬ್ಬ, ಅಥವಾ ಒಂದು ತಂಡ, ಗೆದ್ದಂತೆ. ನಿಯಮ ಇಷ್ಟೇ. ಆದರೆ ವಿಮಾನ ಹಾರತೊಡಗಿದ ಕೂಡಲೇ ಪ್ರತಿ ರಾತ್ರಿಯೂ ನಮ್ಮ ಜಗಲಿಯಲ್ಲಿ ಒಂದೇ ಜಗಳ: "ಎಲ್ಲಿ ಇಳಿಯೋಣ?"

ಎದುರು ಮನೆ ಹುಡುಗನಿಗೆ ಪೊಚಿಂಕಿಯಲ್ಲೇ ಇಳಿಯಬೇಕು. ಅದು ದ್ವೀಪದ ನಡುಭಾಗದ ಊರು, ಅಲ್ಲಿ ಹತ್ತಾರು ಜನ ಒಟ್ಟಿಗೇ ಇಳಿಯುತ್ತಾರೆ, ಕಾಲು ನೆಲಕ್ಕೆ ತಾಗುವ ಮೊದಲೇ ಗುಂಡಿನ ಸದ್ದು. ಎರಡೇ ನಿಮಿಷಕ್ಕೆ ಸತ್ತು ಗಹಗಹಿಸಿ ನಗುತ್ತಿದ್ದ. "ಅರ್ಧ ಗಂಟೆ ಹುಲ್ಲಲ್ಲಿ ಮಲಗೋದಕ್ಕೆ ಗೇಮ್ ಯಾಕೆ ಬೇಕು? ಮನೇಲೇ ಮಲಗಬಹುದಲ್ಲ" ಎನ್ನುತ್ತಿದ್ದ. ಆ ಹುಲ್ಲಲ್ಲಿ ಮಲಗುವವನೇ ನಮ್ಮ ಚಿಕ್ಕವನು. ಅವನಿಗೆ ರ‍್ಯಾಂಕು ಬೇಕು. ಹೆಚ್ಚು ಹೊತ್ತು ಬದುಕಿ ಉಳಿದರೆ ಹೆಚ್ಚು ಅಂಕ. ಪ್ಲಾಟಿನಂ, ಡೈಮಂಡ್, ಕ್ರೌನ್, ಏಸ್ ಎಂದು ಮೆಟ್ಟಿಲುಗಳಿದ್ದವು. ಅವನು ಕ್ರೌನಿನ ಹೊಸ್ತಿಲಲ್ಲಿದ್ದ. ಹಾಗಾಗಿ ಜನವಿಲ್ಲದ ಅಂಚಿನಲ್ಲಿ ಇಳಿದು, ಮೆಲ್ಲಗೆ ಸಾಗಿ, ಕೊನೆಯ ಹತ್ತರಲ್ಲಿ ಉಳಿಯುವುದು ಅವನ ಲೆಕ್ಕ. ನನ್ನ ಮಗಳಿಗೆ ಇವೆರಡೂ ಬೇಡ. ಅವಳಿಗೆ ಭೂಪಟದ ವಾಯವ್ಯ ಮೂಲೆಯ ಝಾರ್ಕಿ ನೋಡಬೇಕು, ಆ ಗುಡ್ಡದ ಹಿಂದೆ ಏನಿದೆ ಎಂದು ತಿಳಿಯಬೇಕು. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ಆ ದ್ವೀಪದಲ್ಲಿ ಇಷ್ಟೊಂದು ಮನೆಗಳಿವೆ, ಇಲ್ಲಿದ್ದವರೆಲ್ಲ ಎಲ್ಲಿಗೆ ಹೋದರು ಎಂದು ಅವಳು ನಡುವೆಯೇ ಕೇಳುತ್ತಿದ್ದಳು. "ಬಾಜಿ, ಇದು ಭೂಗೋಳದ ಕ್ಲಾಸಲ್ಲ" ಎಂದು ಚಿಕ್ಕವನು ರೇಗುತ್ತಿದ್ದ.

ಇನ್ನು ದೊಡ್ಡವನು. ಅವನಿಗೆ ಎಲ್ಲಿ ಇಳಿದರೂ ಸರಿ. ಬಂದೂಕು ಹಿಡಿದರೆ ಗೋಡೆಗೆ ಗುರಿ. ಹೆಚ್ಚಾಗಿ ಎಲ್ಲರಿಗಿಂತ ಮೊದಲು ಸಾಯುತ್ತಿದ್ದವನು ಅವನೇ. ಸತ್ತವರಿಗೆ ಆ ಆಟದಲ್ಲಿ ಒಂದು ಅನುಕೂಲವಿದೆ: ತಂಡದ ಉಳಿದವರ ಬೆನ್ನ ಹಿಂದಿನಿಂದ ಆಟ ನೋಡಬಹುದು, ಮಾತೂ ಆಡಬಹುದು. ಅಲ್ಲಿಂದ ದೊಡ್ಡವನ ಆಟ ಆರಂಭವಾಗುತ್ತಿತ್ತು. ಅಮ್ಮಿ ಇವತ್ತು ಏನು ಮಾಡಿದ್ದಾರೆ, ಹಿತ್ತಿಲ ಹಲಸಿನ ಮರದಲ್ಲಿ ಈ ಸಲ ಎಷ್ಟು ಕಾಯಿ, ಮಳೆ ಬಂತಾ, ಮಾಮುವಿನ ಮಂಡಿನೋವು ಹೇಗಿದೆ. ಕರ್ಫ್ಯೂ ಹಾಕಿದ ಊರಿನಲ್ಲಿ, ನಾಲ್ವರು ಮಲಗುವ ಕೋಣೆಯಲ್ಲಿ, ವಿಮಾನವಿಲ್ಲದೆ ಈದ್‌ಗೂ ಊರಿಗೆ ಬರಲಾಗದ ಹುಡುಗ. ಫೋನ್ ಮಾಡುವುದಿಲ್ಲವೇ ಎಂದು ನೀವು ಕೇಳಬಹುದು. ಮಾಡುತ್ತಿದ್ದ, ದಿನಾಲೂ. ಒಮ್ಮೆ ಅವನೇ ನನಗೆ ಹೇಳಿದ: "ಫೋನಲ್ಲಿ ಎರಡು ನಿಮಿಷಕ್ಕೆ ಮಾತು ಮುಗೀತದೆ ಮಾಮು. ಊಟ ಆಯ್ತಾ, ಹುಷಾರಾ, ಅಷ್ಟೇ. ಆಮೇಲೆ ಸುಮ್ಮನೆ ಹಿಡ್ಕೊಂಡು ಕೂರೋಕಾಗಲ್ಲ. ಗೇಮಲ್ಲಾದರೆ ಮಾತಿಲ್ಲದಿದ್ದರೂ ಜೊತೇಲಿರಬಹುದು."

ಆದರೆ ಈ ಮಾತೇ ಜಗಳಕ್ಕೆ ಮೂಲವಾಯಿತು. ಪಬ್‌ಜಿಯಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಎದುರಾಳಿ ಗೋಡೆಯಾಚೆ ಬರುತ್ತಿರುವುದು ಗೊತ್ತಾಗುವುದು ಹೆಜ್ಜೆಯ ಸಪ್ಪಳದಿಂದ. ಕೊನೆಯ ಹತ್ತು ಜನರಲ್ಲಿ ಉಳಿದು, ಉಸಿರು ಬಿಗಿಹಿಡಿದು ಮನೆಯೊಂದರ ಮೂಲೆಯಲ್ಲಿ ಕೂತಿರುವ ತಮ್ಮನ ಕಿವಿಗೆ ಅಣ್ಣ ದಮ್ಮಾಮಿನಿಂದ ಹಲಸಿನಕಾಯಿಯ ವಿಚಾರ ಕೇಳುತ್ತಾನೆ. "ಸುಮ್ನಿರಿ ಭಾಯ್! ಕಾಲ್ಸಪ್ಪಳ ಕೇಳಿಸ್ತಾ ಇಲ್ಲ." ಒಂದು ರಾತ್ರಿ ಚಿಕ್ಕವನು ಅಣ್ಣನ ಧ್ವನಿಯನ್ನೇ ಮ್ಯೂಟ್ ಮಾಡಿದ. ಅಣ್ಣನಿಗೆ ಅದು ಗೊತ್ತಾಗಲಿಲ್ಲ. ಉತ್ತರ ಬಾರದ ಪ್ರಶ್ನೆಗಳನ್ನು ಕೇಳುತ್ತಲೇ ಇದ್ದ. ನನ್ನ ಮಗಳ ಮೊಬೈಲಿನಿಂದ ಅವನ ಧ್ವನಿ ನಮಗೆಲ್ಲ ಕೇಳುತ್ತಿತ್ತು. ಮರುದಿನ ವಿಷಯ ತಿಳಿದಾಗ ದೊಡ್ಡವನು ಬೈಯಲಿಲ್ಲ. "ನೀವು ಮೂವರೇ ಆಡ್ಕೊಳ್ಳಿ" ಎಂದಷ್ಟೇ ಹೇಳಿ ನಾಲ್ಕು ದಿನ ಬರಲಿಲ್ಲ.

ಈ ಜಗಳದಲ್ಲಿ ತಪ್ಪು ಯಾರದು? ಚಿಕ್ಕವನನ್ನು ಕಲ್ಲುಮನಸ್ಸಿನವನೆನ್ನುವುದು ಸುಲಭ. ಆದರೆ ಚದುರಂಗದ ಕೊನೆಯ ನಡೆಗಳಲ್ಲಿ ಪಕ್ಕದಲ್ಲಿ ಹರಟುವವನನ್ನು ಯಾರಾದರೂ "ಸ್ವಲ್ಪ ತಡಿ" ಎನ್ನುತ್ತಾರೆ. ದೊಡ್ಡವನಿಗೆ ಆಟದ ಗಾಂಭೀರ್ಯ ಗೊತ್ತಿಲ್ಲ ಎನ್ನುವುದೂ ಸುಲಭ. ಆದರೆ ಅವನು ಬಂದದ್ದೇ ಆ ಆಟಕ್ಕಲ್ಲ. ಒಬ್ಬನಿಗೆ ಧ್ವನಿಯೇ ಆಟ, ಇನ್ನೊಬ್ಬನಿಗೆ ಅದೇ ಧ್ವನಿ ಆಟಕ್ಕೆ ಅಡ್ಡಿ. ಇಬ್ಬರೂ ಒಂದೇ ದ್ವೀಪದಲ್ಲಿ, ಒಂದೇ ತಂಡದಲ್ಲಿ, ಬೇರೆ ಬೇರೆ ಆಟ ಆಡುತ್ತಿದ್ದರು. ತನ್ನದೇ ನಿಜವಾದ ಆಟ ಎಂದು ಇಬ್ಬರೂ ನಂಬಿದ್ದರು.

ಇಂಥ ಜಗಳಕ್ಕೆ ನಮ್ಮ ಹುಡುಗರಿಗಿಂತ ಹೆಚ್ಚು ವಯಸ್ಸಾಗಿದೆ. ಅನೇಕರು ಒಟ್ಟಿಗೆ ಸೇರಿ ಆಡುವ ಕಂಪ್ಯೂಟರ್ ಲೋಕಗಳ ಮೂಲಪುರುಷ ಎನಿಸಿಕೊಂಡ ‘ಮಡ್’ ಎಂಬ ಆಟ ಹುಟ್ಟಿದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ಶುರು ಮಾಡಿದವನು ರಾಯ್ ಟ್ರಬ್‌ಶಾ, ಮುಂದುವರಿಸಿ ಬೆಳೆಸಿದವನು ರಿಚರ್ಡ್ ಬಾರ್ಟಲ್, ಇಬ್ಬರೂ ಆಗ ಅಲ್ಲಿನ ವಿದ್ಯಾರ್ಥಿಗಳು. ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ನೀನು ಇಂಥ ದಾರಿಯಲ್ಲಿ ನಿಂತಿದ್ದೀಯ, ಎದುರಿಗೆ ಇಂಥದ್ದಿದೆ ಎಂದು ಯಂತ್ರ ಬರೆದು ತಿಳಿಸುತ್ತಿತ್ತು. ಸಿಕ್ಕ ನಿಧಿಯನ್ನು ಒಯ್ದು ಜೌಗಿನೊಳಗೆ ಹಾಕಿದರೆ ಅಂಕ, ಅಂಕ ಸಾಕಷ್ಟಾದರೆ ಮಾಂತ್ರಿಕನ ಪಟ್ಟ. 1989-90ರ ಸುಮಾರಿಗೆ ಇಂಥದೇ ಒಂದು ಆಟದ ಹಿರಿಯ ಆಟಗಾರರ ನಡುವೆ ತಿಂಗಳುಗಟ್ಟಲೆ ಬಿಸಿ ಚರ್ಚೆ ನಡೆಯಿತು: ಇದರಿಂದ ಜನರಿಗೆ ಬೇಕಾದದ್ದಾದರೂ ಏನು? ಆ ಚರ್ಚೆಯ ಸಾರವನ್ನು ಜಾಲಾಡಿ ಬಾರ್ಟಲ್ 1996ರಲ್ಲಿ ಒಂದು ಲೇಖನ ಬರೆದ. ಇಂದಿಗೂ ಆಟ ಕಟ್ಟುವವರು ಓದುವ ಲೇಖನ ಅದು.

ಅವನು ಕಂಡದ್ದು ನಾಲ್ಕು ಬಗೆಯ ಆಟಗಾರರನ್ನು. ಗುರುತಿಗೆ ಇಸ್ಪೀಟಿನ ನಾಲ್ಕು ಬಣ್ಣಗಳನ್ನು ಕೊಟ್ಟ. ಅಂಕ, ಪದವಿ, ಸಂಪತ್ತು ಅರಸುವ ಸಾಧಕರು ಡೈಮನ್. ಆ ಲೋಕದ ಮೂಲೆಮುಡುಕು, ಒಳಗುಟ್ಟು ಅಗೆದು ನೋಡುವ ಶೋಧಕರು ಇಸ್ಪೇಟು, ಏಕೆಂದರೆ ಇಂಗ್ಲಿಷಿನಲ್ಲಿ ಆ ಪದಕ್ಕೆ ಗುದ್ದಲಿಯ ಜಾತಿಯ ಸಲಕರಣೆ ಎಂಬ ಅರ್ಥವೂ ಇದೆ. ಜನರ ಒಡನಾಟಕ್ಕೆಂದೇ ಬರುವ ಸ್ನೇಹಜೀವಿಗಳು ಆಟೀನು, ಅಂದರೆ ಹೃದಯ. ಇತರರ ಮೇಲೆ ತಮ್ಮ ಕೈ ತೋರಿಸುವುದರಲ್ಲಿ ಸುಖ ಕಾಣುವ ಕೊಲೆಗಡುಕರು ಕಳಾವರು, ಅಂದರೆ ದೊಣ್ಣೆ. ಅಡ್ಡಕ್ಕೊಂದು, ಉದ್ದಕ್ಕೊಂದು ಗೆರೆ ಎಳೆದು ಅವನು ಇದನ್ನು ವಿವರಿಸಿದ್ದು ಗಣಿತ ಮೇಷ್ಟ್ರಾದ ನನಗೆ ಹಿಡಿಸಿತು. ಒಂದು ಗೆರೆಯ ತುದಿಗಳಲ್ಲಿ ಆ ಲೋಕ ಮತ್ತು ಅಲ್ಲಿನ ಜನ. ಇನ್ನೊಂದರ ತುದಿಗಳಲ್ಲಿ ಪ್ರಭಾವ ಬೀರುವುದು ಮತ್ತು ಒಡನಾಡುವುದು. ಲೋಕದ ಮೇಲೆ ಪ್ರಭಾವ ಬೀರುವವನು ಸಾಧಕ, ಲೋಕದೊಡನೆ ಒಡನಾಡುವವನು ಶೋಧಕ, ಜನರೊಡನೆ ಒಡನಾಡುವವನು ಸ್ನೇಹಜೀವಿ, ಜನರ ಮೇಲೆ ಪ್ರಭಾವ ಬೀರುವವನು ಕೊಲೆಗಡುಕ. ನಮ್ಮ ಜಗಲಿಯ ನಾಲ್ವರು ನಾಲ್ಕು ಮೂಲೆಗೆ ಸರಿಯಾಗಿ ಕೂತರು.

ಹಾಗೆಂದು ಮನುಷ್ಯರನ್ನು ಇಸ್ಪೀಟಿನ ಎಲೆಗಳಂತೆ ವಿಂಗಡಿಸಿಬಿಡುವುದು ಬೇಡ. ನಿಕ್ ಯೀ ಎಂಬ ಸಂಶೋಧಕ ಸಾವಿರಾರು ಆಟಗಾರರನ್ನು ಪ್ರಶ್ನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಧನೆ, ಒಡನಾಟ, ತಲ್ಲೀನತೆ ಎಂಬ ಮೂರು ದೊಡ್ಡ ಪ್ರೇರಣೆಗಳನ್ನು, ಅವುಗಳಡಿ ಹತ್ತು ಚಿಕ್ಕವನ್ನು ಗುರುತಿಸಿದ. ಒಂದು ಇದ್ದರೆ ಇನ್ನೊಂದು ಇರಬಾರದೆಂದೇನಿಲ್ಲ, ಒಬ್ಬನಲ್ಲೇ ಎರಡು ಮೂರು ಬೆರೆತಿರಬಹುದು ಎಂಬುದು ಅವನ ಮುಖ್ಯ ಮಾತು. ನಿಜ. ಎದುರು ಮನೆಯ ನಮ್ಮ ‘ಕೊಲೆಗಡುಕ’ ಲಾಕ್‌ಡೌನಿನಲ್ಲಿ ಓಣಿಯ ಮುದುಕರಿಗೆಲ್ಲ ಹಾಲು, ಮಾತ್ರೆ ತಂದುಕೊಡುತ್ತಿದ್ದ ಹುಡುಗ. ಅವನಿಗೆ ಬೇಕಿದ್ದದ್ದು ರಕ್ತವಲ್ಲ. ಎದುರಿಗೊಬ್ಬ ಮನುಷ್ಯ, ಕ್ಷಣಕಾಲದ ಬಿಸಿ, ಒಂದು ನಗು.

ಬಾರ್ಟಲ್ ಹೇಳಿದ ಇನ್ನೊಂದು ಮಾತು ನನಗೆ ವಿಂಗಡಣೆಗಿಂತ ಮುಖ್ಯವಾಗಿ ಕಂಡಿತು. ಈ ನಾಲ್ವರು ಒಬ್ಬರನ್ನೊಬ್ಬರು ಅವಲಂಬಿಸಿದ್ದಾರೆ ಎಂಬುದು. ಕೊಲೆಗಡುಕರು ಹೆಚ್ಚಾದರೆ ಸ್ನೇಹಜೀವಿಗಳು ಓಡಿಹೋಗುತ್ತಾರೆ, ಸಾಧಕರೂ ಕಡಿಮೆಯಾಗುತ್ತಾರೆ. ಸ್ನೇಹಜೀವಿಗಳ ಲೆಕ್ಕವಂತೂ ಚಕ್ರಬಡ್ಡಿ ಇದ್ದಂತೆ: ಜನವಿದ್ದಲ್ಲಿಗೆ ಜನ ಬರುತ್ತಾರೆ, ನಾಲ್ವರು ಹೋದರೆ ಮತ್ತೆ ನಾಲ್ವರು ಅವರ ಹಿಂದೆ ಹೋಗುತ್ತಾರೆ. ನಾಲ್ಕೂ ಬಗೆಯವರು ಹದವಾಗಿ ಬೆರೆತಿರುವುದು ಒಂದು ಸ್ಥಿರ ಸ್ಥಿತಿ ಎನ್ನುತ್ತಾನೆ. ಆಟಗಾರರೇ ಇಲ್ಲದೆ ಖಾಲಿ ಬಿದ್ದಿರುವುದೂ ಅಷ್ಟೇ ಸ್ಥಿರ ಸ್ಥಿತಿ ಎಂದು ಸೇರಿಸುತ್ತಾನೆ! ಓದಿ ನಗು ಬಂತು. ಊರು ಕಟ್ಟುವವರೂ ನೆನಪಿಡಬೇಕಾದ ಮಾತು.

ಇದು ಬರೀ ಊಹೆಯಲ್ಲ ಎಂಬುದಕ್ಕೆ ‘ಅಲ್ಟಿಮಾ ಆನ್‌ಲೈನ್’ ಸಾಕ್ಷಿ. 1997ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಆಟ ಒಂದು ಇಡೀ ನಾಡು. ಅಲ್ಲಿ ಬಡಗಿಯಾಗಬಹುದು, ದರ್ಜಿಯಾಗಬಹುದು, ಗಣಿ ಅಗೆಯಬಹುದು, ಮೀನು ಹಿಡಿಯಬಹುದು, ಮನೆ ಕಟ್ಟಬಹುದು. ಊರಿನೊಳಗೆ ಕಾವಲುಗಾರರ ರಕ್ಷಣೆ. ಊರ ಗಡಿ ದಾಟಿದರೆ ಯಾರು ಯಾರನ್ನಾದರೂ ಕೊಂದು ದೋಚಬಹುದು. ಕಟ್ಟಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಸ್ವಾತಂತ್ರ್ಯ ಕೊಟ್ಟರೆ ಜನ ತಾವೇ ನ್ಯಾಯ ಕಟ್ಟಿಕೊಳ್ಳುತ್ತಾರೆ ಎಂಬ ನಂಬಿಕೆ. ಆದರೆ ಅದಿರು ಅಗೆಯಲು ಹೊರಟ ಹೊಸಬನನ್ನು ಊರ ಬಾಗಿಲಲ್ಲೇ ಕಾದು ಕೊಲ್ಲುವವರು ಹೆಚ್ಚಾದರು. ಕೊಲೆಗಾರರ ಹೆಸರು ಕೆಂಪು ಬಣ್ಣದಲ್ಲಿ ಕಾಣುವಂತೆ ಮಾಡಿದರು, ಹೆಸರು ಕೆಡಿಸುವ ನಿಯಮ ತಂದರು. ಸಾಲಲಿಲ್ಲ. ಕಡೆಗೆ 2000ದಲ್ಲಿ ಇಡೀ ನಾಡಿನ ಇನ್ನೊಂದು ಪ್ರತಿಯನ್ನೇ ಮಾಡಿದರು. ಹಳೆಯದಕ್ಕೆ ಫೆಲುಕ್ಕಾ ಎಂದು ಹೆಸರು, ಹೊಸದಕ್ಕೆ ಟ್ರಾಮೆಲ್. ಅದೇ ರಸ್ತೆ, ಅದೇ ಊರು, ಅದೇ ನದಿ. ಟ್ರಾಮೆಲ್‌ನಲ್ಲಿ ಮಾತ್ರ ಒಪ್ಪಿಗೆಯಿಲ್ಲದೆ ಒಬ್ಬ ಇನ್ನೊಬ್ಬನನ್ನು ಕೊಲ್ಲುವಂತಿಲ್ಲ.

ಜನ ಗುಂಪುಗುಂಪಾಗಿ ಟ್ರಾಮೆಲ್‌ಗೆ ಹೋದರು. ಬೇಟೆಯಿಲ್ಲದ ಬೇಟೆಗಾರರು ಖಾಲಿ ಫೆಲುಕ್ಕಾದಲ್ಲಿ ಉಳಿದರು. ಅಲ್ಲಿ ಶಾಂತಿ ಬಂತು ನಿಜ. ಆದರೆ ದರೋಡೆಕೋರರಿಂದ ಊರು ಕಾಯಲು ಒಂದಾಗುತ್ತಿದ್ದ ಗುಂಪುಗಳೂ, ಆ ಭಯದಿಂದ ಹುಟ್ಟಿದ್ದ ಆತ್ಮೀಯತೆಯೂ ಅದರೊಂದಿಗೇ ಹೋಯಿತು ಎಂದು ಹಳೆಯ ಆಟಗಾರರು ಹಲುಬುತ್ತಾರೆ. ಹಲುಬುವವರಲ್ಲಿ ಕೊಲ್ಲುತ್ತಿದ್ದವರೆಷ್ಟು, ಕೊಲ್ಲಿಸಿಕೊಳ್ಳುತ್ತಿದ್ದವರೆಷ್ಟು ಎಂದು ಕೇಳಬೇಕಾದೀತು. ನನಗೆ ಇಲ್ಲಿ ಸ್ಪಷ್ಟವಾಗುವುದು ಒಂದೇ ಅಂಶ: ತೊಂದರೆ ಇದ್ದದ್ದು ಕೊಲ್ಲುವ ಆಟದಲ್ಲಲ್ಲ, ಒಪ್ಪಿಗೆಯಲ್ಲಿ. ಪೊಚಿಂಕಿಯಲ್ಲಿ ಇಳಿಯುವವರೆಲ್ಲ ಗುಂಡಿಗೆ ಸಿದ್ಧರಾಗಿಯೇ ಇಳಿದವರು. ಅದಿರು ಅಗೆಯಲು ಹೊರಟವನು ಅದಕ್ಕೆ ಒಪ್ಪಿರಲಿಲ್ಲ. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಈ ಪಾಠ ಕಲಿತಿತ್ತು. ಕಾದಾಡುವವರಿಗೊಂದು, ಬೇಡದವರಿಗೊಂದು, ಪಾತ್ರಧಾರಿಗಳಂತೆ ಬಾಳಬೇಕೆನ್ನುವವರಿಗೊಂದು ಎಂದು ಆರಂಭದಲ್ಲೇ ಬೇರೆ ಬೇರೆ ಸರ್ವರ್ ಇಟ್ಟಿತು. 2018ರಲ್ಲಿ ಕಾದಾಟದ ಆ ಗೋಡೆಯನ್ನೂ ತೆಗೆದು, ಬೇಕೋ ಬೇಡವೋ ಎಂಬ ಗುಂಡಿಯನ್ನು ಒಬ್ಬೊಬ್ಬ ಆಟಗಾರನ ಕೈಗೇ ಕೊಟ್ಟಿತು.

ಲಕ್ಷಾಂತರ ಜನರಿರುವ ಲೋಕಕ್ಕೆ ಎರಡು ಭೂಮಿ ಮಾಡಬಹುದು. ನಾಲ್ವರ ತಂಡಕ್ಕೆ? ಅಣ್ಣನಿಗೊಂದು, ತಮ್ಮನಿಗೊಂದು ದ್ವೀಪ ಮಾಡಿದರೆ ಆಟವೇನೋ ನಡೆಯುತ್ತದೆ, ತಂಡ ಉಳಿಯುವುದಿಲ್ಲ. ದೊಡ್ಡವನು ಬಾರದ ಆ ನಾಲ್ಕು ದಿನ ಆದದ್ದು ಅದೇ. ಮೂವರೂ ಬೇರೆ ಬೇರೆ ಆಡಿದರು. ಐದನೆಯ ದಿನ ನನ್ನ ಮಗಳು ಒಂದು ಏರ್ಪಾಡು ಮುಂದಿಟ್ಟಳು. ರಾತ್ರಿಗೆ ನಾಲ್ಕು ಆಟ, ಒಂದೊಂದು ಆಟಕ್ಕೆ ಒಬ್ಬೊಬ್ಬ ಯಜಮಾನ. ಎಲ್ಲಿ ಇಳಿಯಬೇಕು, ಹೇಗೆ ಆಡಬೇಕು, ಮಾತು ಇರಬೇಕೋ ಬೇಡವೋ ಎಲ್ಲ ಅವನ ಇಷ್ಟ. ಉಳಿದವರು ತಕರಾರಿಲ್ಲದೆ ಜೊತೆಗೂಡಬೇಕು. ಚಿಕ್ಕವನ ಸರದಿಯಲ್ಲಿ ಎಲ್ಲರೂ ಬಾಯಿ ಮುಚ್ಚಬೇಕು, ದಮ್ಮಾಮ್ ಸಹಿತ. ದೊಡ್ಡವನ ಸರದಿಯಲ್ಲಿ ಯಾರೂ ಮ್ಯೂಟ್ ಮಾಡುವಂತಿಲ್ಲ.

ಏರ್ಪಾಡು ಸುಗಮವಾಗಿ ನಡೆಯಿತು ಎಂದರೆ ಸುಳ್ಳಾದೀತು. ಎದುರು ಮನೆ ಹುಡುಗ ಮಗಳ ಸರದಿಯಲ್ಲಿ ಆಕಳಿಸುತ್ತಿದ್ದ. ಚಿಕ್ಕವನು ಪೊಚಿಂಕಿಯಲ್ಲಿ ಸತ್ತಾಗಲೆಲ್ಲ ಹೋದ ಅಂಕಗಳ ಲೆಕ್ಕ ಹೇಳುತ್ತಿದ್ದ. ಆದರೆ ಕೆಲವು ಸಂಗತಿಗಳು ನಿಧಾನವಾಗಿ ಬದಲಾದವು. ಮೂಲೆಮೂಲೆ ಸುತ್ತಿದ್ದ ಮಗಳಿಗೆ ಯಾವ ಗುಡ್ಡದ ಹಿಂದೆ ಗಾಡಿ ಸಿಗುತ್ತದೆ, ಎಲ್ಲಿ ಹೊಳೆ ದಾಟಬಹುದು ಎಂಬುದೆಲ್ಲ ಗೊತ್ತಿತ್ತು. ಚಿಕ್ಕವನ ರ‍್ಯಾಂಕಿಗೆ ಅದು ಉಪಯೋಗಕ್ಕೆ ಬಂತು. ಗುಂಡಿನ ಕಾಳಗದಲ್ಲಿ ಪಳಗಿದ್ದ ಎದುರು ಮನೆಯವನು ಕೊನೆಯ ಹತ್ತರಲ್ಲಿ ಅವನ ಬೆನ್ನು ಕಾಯುತ್ತಿದ್ದ. ಒಂದು ರಾತ್ರಿ, ದೊಡ್ಡವನ ಸರದಿಯಲ್ಲಿ, ನಾಲ್ವರೂ ಗಾಡಿಯೊಂದನ್ನು ಹತ್ತಿ ಸಮುದ್ರದ ದಂಡೆಯಲ್ಲಿ ಸುಮ್ಮನೆ ಓಡಿಸುತ್ತಾ ಹೋದರು. ಅಂದು ಚಿಕ್ಕವನು ತಾನಾಗಿಯೇ ಹೇಳಿದ: "ಭಾಯ್, ಹಲಸಿನಹಣ್ಣು ಕೊಯ್ದ್ವಿ. ನಿಮ್ಮ ಪಾಲಿಂದು ಅಮ್ಮಿ ಹಪ್ಪಳ ಮಾಡಿ ಇಡ್ತಾರಂತೆ."

ಇಷ್ಟಾದರೂ ಆಪಾಳ ಚಿಂತೆ ಬೇರೆ ಇತ್ತು, ಮತ್ತು ಅದು ನ್ಯಾಯವಾದದ್ದೇ. ಜುಲೈ 30ಕ್ಕೆ ಸಿಇಟಿ. ಚಿಕ್ಕವನು ತಂಡದ ಆಟ ಮುಗಿದ ಮೇಲೂ ಒಬ್ಬನೇ ಬೆಳಗಿನ ಜಾವದವರೆಗೆ ರ‍್ಯಾಂಕಿಗಾಗಿ ಆಡುತ್ತಿದ್ದ. ಆ ಮೆಟ್ಟಿಲುಗಳ ಗುಟ್ಟು ಏನೆಂದರೆ ಅವು ಎಂದೂ ಮುಗಿಯುವುದಿಲ್ಲ. ಸುಮಾರು ಎರಡು ತಿಂಗಳಿಗೊಮ್ಮೆ ‘ಸೀಸನ್’ ಮುಗಿದು ಎಲ್ಲರನ್ನೂ ಕೆಳಕ್ಕಿಳಿಸುತ್ತಾರೆ, ಮತ್ತೆ ಹತ್ತಬೇಕು. ಸಾಧಕನ ಹಸಿವನ್ನು ಚೆನ್ನಾಗಿ ಬಲ್ಲವರು ಹೆಣೆದ ಲೆಕ್ಕವದು. "ನೀನು ಮೇಷ್ಟ್ರು ತಾನೇ, ಹೇಳು, ಈ ಗೇಮನ್ನೇ ಮನೆಯಿಂದ ತೆಗೆಸಿಬಿಡ್ಲಾ?" ಎಂದು ಆಪಾ ಕೇಳಿದಳು. ತೆಗೆಸಿದರೆ ದಮ್ಮಾಮಿನ ಕೋಣೆಗೆ ಹೋಗುತ್ತಿದ್ದ ಆ ಒಂದು ದಾರಿಯೂ ಮುಚ್ಚುತ್ತದೆ ಎಂಬುದು ಅವಳಿಗೂ ಗೊತ್ತಿತ್ತು. ಒಂದೇ ಮೊಬೈಲ್ ಆಟ ಅವಳ ಒಬ್ಬ ಮಗನನ್ನು ಅವಳಿಂದ ದೂರ ಒಯ್ಯುತ್ತಿತ್ತು, ಇನ್ನೊಬ್ಬನನ್ನು ಹತ್ತಿರ ತರುತ್ತಿತ್ತು.

ಗಂಟೆ ಎಣಿಸಿದರೆ ಈ ವ್ಯತ್ಯಾಸ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ಗೀಳನ್ನೂ ಸೇರಿಸಿದೆ. ಅದರ ಲಕ್ಷಣಗಳಲ್ಲಿ ಇಷ್ಟು ಗಂಟೆ ಎಂಬ ಅಳತೆಯೇ ಇಲ್ಲ. ಹಿಡಿತ ತಪ್ಪಿದೆಯೇ, ಬದುಕಿನ ಬೇರೆಲ್ಲಕ್ಕಿಂತ ಆಟವೇ ಮೇಲಾಗಿದೆಯೇ, ಹಾನಿ ಕಣ್ಣೆದುರಿಗಿದ್ದರೂ ನಿಲ್ಲಿಸಲಾಗುತ್ತಿಲ್ಲವೇ ಎಂಬುದನ್ನು ಅದು ಕೇಳುತ್ತದೆ. ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಂಡುಬರಬೇಕು.

ಹೊರಗಿನಿಂದ ನೋಡುವವರ ಕಣ್ಣಿಗೆ ಎಷ್ಟು ಕಡಿಮೆ ಕಾಣುತ್ತದೆ ಎಂಬುದಕ್ಕೆ ನಾರ್ವೆಯ ಮಾಟ್ಸ್ ಸ್ಟೀನ್ ಎಂಬ ಯುವಕನ ಕತೆಯನ್ನು ಹೇಳಲೇಬೇಕು. ಸ್ನಾಯುಗಳು ದಿನೇ ದಿನೇ ಸೊರಗುವ ಡುಷೆನ್ ಕಾಯಿಲೆ ಅವನಿಗೆ. ಗಾಲಿಕುರ್ಚಿಯಲ್ಲಿ ಕೂತು ಸಾವಿರಾರು ಗಂಟೆ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡಿದ. ಮಗ ಸ್ನೇಹವೆಂದರೇನೆಂದು ತಿಳಿಯದೆಯೇ ಹೋಗುತ್ತಿದ್ದಾನೆ ಎಂದು ಹೆತ್ತವರು ಕೊರಗುತ್ತಿದ್ದರು. 2014ರಲ್ಲಿ, 25ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಾಗ, ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದರು. ಕಾಣದ ಊರುಗಳಿಂದ ಪತ್ರಗಳು ಬರತೊಡಗಿದವು. ಇಬೆಲಿನ್ ಎಂಬ ಹೆಸರಿನಲ್ಲಿ ಅವನು ಆ ಲೋಕದಲ್ಲಿ ಯಾರ ಯಾರ ದುಃಖ ಕೇಳಿದ್ದ, ಯಾರ ಮನೆಯ ಬಿರುಕಿಗೆ ಬುದ್ಧಿ ಹೇಳಿದ್ದ ಎಂಬುದು ಆಗ ತಿಳಿಯಿತು. ಅವನ ಅಂತ್ಯಕ್ರಿಯೆಗೆ ಆ ತಂಡದ ಕೆಲವರು ಬೇರೆ ದೇಶಗಳಿಂದ ಬಂದರು. 2024ರಲ್ಲಿ ಅವನ ಬದುಕಿನ ಮೇಲೆ ಸಾಕ್ಷ್ಯಚಿತ್ರವೊಂದು ಬಂದಿದೆ. ಅಪ್ಪ ಅಮ್ಮ ಕುರುಡರಾಗಿರಲಿಲ್ಲ. ಅವರಿಗೆ ಕಂಡದ್ದು ನಮಗೆ ಕಾಣುವಷ್ಟೇ: ಒಂದು ಪರದೆ, ಅದರ ಮುಂದೊಂದು ತಲೆ.

ಆಪಾ ಗೇಮ್ ತೆಗೆಸಲಿಲ್ಲ. ಹನ್ನೊಂದರಿಂದ ಒಂದು ಗಂಟೆಯ ಕಾಲ, ತಂಡದ ಜೊತೆ ಮಾತ್ರ, ನಾಲ್ಕರ ಬದಲು ಎರಡೇ ಆಟ, ಆಮೇಲೆ ಮೊಬೈಲು ತನ್ನ ದಿಂಬಿನಡಿ ಎಂದಳು. ಚಿಕ್ಕವನು ಕೂಗಾಡಿದ, ಎರಡು ದಿನ ಊಟ ಬಿಟ್ಟ, ಆ ಸೀಸನ್ನಿನ ಕ್ರೌನ್ ಅವನಿಗೆ ಸಿಗಲಿಲ್ಲ. ದೊಡ್ಡವನು ತನ್ನ ಸರದಿಯನ್ನೂ ಆಗಾಗ ತಮ್ಮನಿಗೇ ಕೊಟ್ಟುಬಿಡುತ್ತಿದ್ದ.

2020ರ ಸೆಪ್ಟೆಂಬರ್ 2ರಂದು ಭಾರತದಲ್ಲಿ ಆ ಆಟ ನಿಷೇಧವಾಯಿತು, ಅಕ್ಟೋಬರ್ 30ಕ್ಕೆ ಪೂರ್ತಿ ನಿಂತಿತು. 2021ರ ಜುಲೈನಲ್ಲಿ ಹೊಸ ಹೆಸರಿನಲ್ಲಿ ಬಂದದ್ದು ಭಾರತದೊಳಗಿನ ಆಟಗಾರರಿಗೆಂದೇ ಮಾಡಿದ ರೂಪ. ಅದರಲ್ಲಿ ದಮ್ಮಾಮಿಗೆ ಜಾಗವಿರಲಿಲ್ಲ. ನಾಲ್ವರೂ ‘ಲೂಡೋ ಕಿಂಗ್’ಗೆ ಹೋದರು. ಅಲ್ಲಿಯೂ ಅದೇ ಕತೆ! ಎದುರು ಮನೆ ಹುಡುಗ ತನ್ನ ಕಾಯಿ ಮನೆ ಸೇರುವುದನ್ನು ಬಿಟ್ಟು ಇತರರ ಕಾಯಿ ಹೊಡೆಯಲು ಕಾಯುತ್ತಾನೆ. ಚಿಕ್ಕವನು ಇನ್ನೆಷ್ಟು ಮನೆ ಬಾಕಿ ಎಂದು ಎಣಿಸುತ್ತಾನೆ. ದೊಡ್ಡವನು ಹೊಡೆಯಬಹುದಾದ ಕಾಯಿಯನ್ನೂ ಬಿಟ್ಟು ಮಾತಿಗೆ ಕೂರುತ್ತಾನೆ. ಅಗೆಯಲು ಏನೂ ಇಲ್ಲದ ಆಟವೆಂದು ನನ್ನ ಮಗಳು ಮಾತ್ರ ಮೂರೇ ದಿನಕ್ಕೆ ಎದ್ದು ಹೋದಳು.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಬಗ್ಗೆ ಒಂದು ಕಾಯ್ದೆ ಅಂಗೀಕರಿಸಿತು. ಕ್ರೀಡೆಯಾಗಿ ಆಡುವ ಇ-ಸ್ಪೋರ್ಟ್ಸ್, ಮನರಂಜನೆಗೆ ಆಡುವ ಆಟ, ಹಣ ಕಟ್ಟಿ ಆಡುವ ಆಟ ಎಂದು ಮೂರಾಗಿ ವಿಂಗಡಿಸಿ, ಕೊನೆಯದನ್ನು ನಿಷೇಧಿಸಿತು. ‘ಗೇಮ್’ ಎಂಬ ಒಂದು ಪದದೊಳಗೆ ಬೇರೆ ಬೇರೆ ವಸ್ತುಗಳಿವೆ ಎಂದು ಕಾನೂನೂ ಒಪ್ಪಿದಂತಾಯಿತು. ಆದರೆ ಕಾನೂನು ಆಟಗಳನ್ನು ಬೇರ್ಪಡಿಸಬಲ್ಲದು, ಆಟಗಾರರನ್ನಲ್ಲ. ಆ ಕೆಲಸ ಮನೆಯವರದ್ದು, ಮೇಷ್ಟ್ರದ್ದು. ಈಗ ನಾನು ನನ್ನ ವಿದ್ಯಾರ್ಥಿಗಳನ್ನು ಎಷ್ಟು ಹೊತ್ತು ಆಡುತ್ತೀಯೆಂದು ಮೊದಲು ಕೇಳುವುದಿಲ್ಲ. ಯಾರ ಜೊತೆ ಆಡುತ್ತೀ, ಎಲ್ಲಿ ಇಳಿಯುತ್ತೀ, ಸೋತ ಮೇಲೆ ಏನು ಮಾಡುತ್ತೀ ಎಂದು ಕೇಳುತ್ತೇನೆ. ಎಂಟನೆಯ ತರಗತಿಯ ಒಬ್ಬ ಹುಡುಗ, ಕ್ಲಾಸಿನಲ್ಲಿ ಬಾಯಿ ಬಿಡದವನು, ಈ ಪ್ರಶ್ನೆಗೆ ತಟ್ಟನೆ ಎದ್ದು ನಿಂತ. "ನಾನು ಡ್ರೈವರ್ ಸಾರ್. ಶೂಟ್ ಮಾಡೋದು ಉಳಿದವರು. ನಾನು ಎಲ್ಲರನ್ನೂ ಕೂರಿಸ್ಕೊಂಡು ಸರ್ಕಲ್ ಒಳಗೆ ಸೇರಿಸ್ತೀನಿ." ಅವನ ಅಪ್ಪ ಲಾರಿ ಓಡಿಸುತ್ತಾರೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ ಎಂದು ಆಮೇಲೆ ತಿಳಿಯಿತು.